ಉದ್ಯಾನ ನಕ್ಷೆಯಾಗ ಐತಿ, ನೆಲದ ಮ್ಯಾಲ ಎಲ್ಲೈತಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅಣ್ಣಾರ, ಅಕ್ಕಾರ,

ಕಬ್ಬಿನ ಹಂಗಾಮು ಸುರುವಾತಂದ್ರ ನಮ್ಮ ಊರಾಗ ಬೆಳಗಿನ ವಾಕಿಂಗ್ ಬಂದ್. ಕತ್ತಲಾಗ ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ ಮೈಮ್ಯಾಲ ಬಂದಂಗ ಬರ್ತಾವ. ಸಕ್ಕರಿ ಕಾಯಿಲೆಗೆ ದಿನಾ ನಡೀರಿ ಅಂತಾರ ಡಾಕ್ಟರ್. ಎಲ್ಲಿ ನಡೀಬೇಕ್ರಿ?

ಜಾಗ ಇಲ್ಲ ಅನ್ನಬ್ಯಾಡ್ರಿ. ಹೊಲ ಎನ್.ಎ. ಮಾಡಿಸಿ ಲೇಔಟ್ ಹಾಕುವಾಗ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಉದ್ಯಾನಕ್ಕ ಜಾಗ ಬಿಡಬೇಕು, ಅದನ್ನ ಪುಕ್ಕಟೆ ಬರೆದುಕೊಡಬೇಕು. ನೀವು ಪ್ಲಾಟಿಗೆ ಕೊಟ್ಟ ರೊಕ್ಕದಾಗ ಆ ಬಯಲಿನ ಪಾಲೂ ಸೇರೈತಿ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಾಗ ಉದ್ಯಾನಕ್ಕ ಬಿಟ್ಟ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ರು. ಸುತ್ತಲಿನ ಮನಿಯವ್ರು ಕೋರ್ಟಿಗೆ ಹೋದ್ರು. 1991ರಾಗ ಸುಪ್ರೀಂ ಕೋರ್ಟಿನಾಗೂ ಗೆದ್ರು. ನರ್ಸಿಂಗ್ ಹೋಮಿಗೇ ಕೊಡಾಕ ಬರೂದಿಲ್ಲ ಅಂದಮ್ಯಾಲ ಕಾಂಪ್ಲೆಕ್ಸಿಗೆ, ಕಸದ ಗುಡ್ಡಕ್ಕ ಹ್ಯಾಂಗ ಬರ್ತೈತಿ?

ಮೊದಲು ನಿಮ್ಮ ಲೇಔಟಿನ ಮಂಜೂರಾದ ನಕ್ಷೆ, ಉದ್ಯಾನದ ಜಾಗದ ಉತಾರ ಕೇಳ್ರಿ. ಮಾಹಿತಿ ಹಕ್ಕಿನ ಅರ್ಜಿಗೆ ಫೀ 10 ರೂಪಾಯಿ. ಒಂದ ವಿಷಯ, 150 ಪದದೊಳಗ. (ಈ ಕರಪತ್ರಕ್ಕಿಂತ ಸಣ್ಣದು.) 30 ದಿನದೊಳಗ ಉತ್ತರ ಕೊಡಬೇಕು.

ಆಮ್ಯಾಲ ನಿಮ್ಮೂರಿನ ನಗರಸಭೆ, ಪುರಸಭೆ ಇಲ್ಲಾ ಪಟ್ಟಣ ಪಂಚಾಯಿತಿಯ ಬಜೆಟ್ ಪೂರ್ವಭಾವಿ ಸಭೆಗೆ ಬರ್ರಿ. ಸಾರ್ವಜನಿಕರ ಸಲಹೆ ಕೇಳಾಕಂತನ ಆ ಸಭೆ ಕರೀತಾರ. ನಾವು ಹೋಗದಿದ್ರ ಚಹಾ ಕುಡುದು ಮುಗಸ್ತಾರ.

ಏನ್ ಕೇಳಬೇಕು? ಕಾರಂಜಿ, ಕಮಾನು, ಸಿಮೆಂಟಿನ ಜಿಂಕಿ ಬ್ಯಾಡ. ತಂತಿಬೇಲಿ, ಮಣ್ಣಿನ ನಡಿಗೆ ದಾರಿ, ಬೇವು, ಹೊಂಗೆ ಗಿಡ ಸಾಕು. ಮುಖ್ಯವಾಗಿ, ಏಪ್ರಿಲ್ ಬಿಸಲಾಗ ಆ ಗಿಡಕ್ಕ ನೀರು ಹಾಕೂ ಆಳಿನ ಪಗಾರ. ಅದು ಬಜೆಟ್ಟಿನಾಗ ಇಲ್ಲಂದ್ರ ಜೂನ್ 5ರ ಪರಿಸರ ದಿನಕ್ಕ ಫೋಟೋ ತಗಸ್ಕೊಂಡು ಹಚ್ಚಿದ ಸಸಿ ಯುಗಾದಿಗೆ ಒಣ ಕಟಗಿ. ದಿನವಿಡೀ ಕುಂತು ಬೀಡಿ ಕಟ್ಟೂ ನಿಪ್ಪಾಣಿಯ ಅಕ್ಕಾರು, ಚಪ್ಪಲಿ ಹೊಲಿಯೂ ಅಥಣಿಯ ಅಣ್ಣಾರು ಸಂಜೀಕ ಬೆನ್ನು ನೆಟ್ಟಗ ಮಾಡಾಕ ಬರ್ಬೇಕಂದ್ರ ದೀಪ ಬೇಕು, ಬೀಗ ಹಾಕದ ಶೌಚಾಲಯ ಬೇಕು. ಹಳ್ಳದ ದಂಡಿ ಒತ್ತುವರಿ ಆಗೂ ಮೊದಲ ಅಲ್ಲೂ ನಡಿಗೆ ದಾರಿ ಗುರುತು ಮಾಡ್ರಿ ಅಂತ ಕೇಳ್ರಿ.

ಸಭೆಗೆ ಬರೂವಾಗ ನಕ್ಷೆಯ ಝೆರಾಕ್ಸ್ ತರ್ರಿ. ಬಾಯಿಲೆ ಹೇಳಿ ಎದ್ದು ಬರಬ್ಯಾಡ್ರಿ. ನಗರಸಭೆಯಾದ್ರ ಪೌರಾಯುಕ್ತರಿಗೆ, ಪುರಸಭೆ, ಪಟ್ಟಣ ಪಂಚಾಯಿತಿಯಾದ್ರ ಮುಖ್ಯಾಧಿಕಾರಿಗೆ ಬರದು ಕೊಡ್ರಿ; ನಿಮ್ಮ ಪ್ರತಿ ಮ್ಯಾಲ ತಾರೀಖು, ಸಿಕ್ಕಾ ಹಾಕಿಸ್ಕೊಂಡ ಬರ್ರಿ.

— ಐದೂ ಊರಿನ ಬೆಳಗಿನ ನಡಿಗೆಯವರು