ಕಟ್ಟೆ ಬಂತು, ರೈಲು ಬರಲಿಲ್ಲ

ಬೋರನಕಣಿವೆ ಕಟ್ಟೆಗೂ ತಿಪಟೂರು ರೈಲಿಗೂ ಏನು ಸಂಬಂಧ ಎಂದು ಕೇಳುವವರುಂಟು. ಸಂಬಂಧ ಇದೆ. ಎರಡಕ್ಕೂ ತಾಯಿ ಒಬ್ಬಳೇ, ಆಕೆ ಬರಗಾಲ!

1876-78ರ ಕ್ಷಾಮ ಮೈಸೂರು ಸೀಮೆಯನ್ನು ಗುಡಿಸಿ ಹಾಕಿತು. 1871ರಲ್ಲಿ 50 ಲಕ್ಷ ಇದ್ದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದರು. ಹಸಿದ ಊರಿಗೆ ಕಾಳು ಮುಟ್ಟಿಸಲು ರೈಲು ಬೇಕು, ಮಳೆ ಕೈಕೊಟ್ಟರೆ ಕಟ್ಟೆ ಬೇಕು ಎಂಬ ಬುದ್ಧಿ ಆಗ ಬಂತು. ದಿವಾನ್ ರಂಗಾಚಾರ್ಲು ಕಾಲದಲ್ಲಿ ಹೊರಟ ಬೆಂಗಳೂರು-ತುಮಕೂರು ಹಳಿ 1884ರಲ್ಲಿ ಗುಬ್ಬಿ ಮುಟ್ಟಿತು. 1889ಕ್ಕೆ ತಿಪಟೂರು, ಅರಸೀಕೆರೆ ದಾಟಿ ಹರಿಹರ ಸೇರಿತು. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲೇ, 1892ರ ಹೊತ್ತಿಗೆ, ಸುವರ್ಣಮುಖಿಗೆ ಅಡ್ಡಲಾಗಿ ಬೋರನಕಣಿವೆ ಕಟ್ಟೆ ಎದ್ದಿತು.

ಹಳಿ ಹೋದ ದಾರಿಯಲ್ಲಿ ತಿಪಟೂರು ಪೇಟೆ ಬೆಳೆಯಿತು. ಸುತ್ತಲ ತಾಲ್ಲೂಕುಗಳ ಕೊಬ್ಬರಿಯೆಲ್ಲ ಅಲ್ಲಿಗೇ ಹೋಗಿ ಅಲ್ಲಿಂದಲೇ ಉತ್ತರ ದೇಶಕ್ಕೆ ಹೊರಡುವಂತಾಯಿತು. ಚಿಕ್ಕನಾಯಕನಹಳ್ಳಿ, ಹುಳಿಯಾರು ಮಾತ್ರ ಹಳಿಯಿಂದ ದೂರವೇ ಉಳಿದವು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು, ಹಬೆ ಹೋಗಿ ಕರೆಂಟು ಬಂತು. ಇಲ್ಲಿನವರ ಪಾಡು ಬದಲಾಗಲಿಲ್ಲ. ಬೋರನಕಣಿವೆ ಕಡೆಯವರು ಬೆಂಗಳೂರು ರೈಲು ಹಿಡಿಯಬೇಕೆಂದರೆ ಮೊದಲು ಹುಳಿಯಾರು ಸೇರಬೇಕು. ಅಲ್ಲಿಂದ ತಿಪಟೂರಿಗೋ ಬಾಣಸಂದ್ರಕ್ಕೋ ಹೋಗಬೇಕು. ಅಷ್ಟು ಸುತ್ತುವ ಬದಲು ಬಸ್ಸಿನಲ್ಲೇ ನಿಂತುಕೊಂಡು ಹೋಗುವುದು ವಾಸಿ ಅನ್ನಿಸಿದರೆ ಯಾರ ತಪ್ಪು?

2011-12ರಲ್ಲಿ ಮಂಜೂರಾದ ತುಮಕೂರು-ದಾವಣಗೆರೆ ಹಳಿ ಶಿರಾ, ಹಿರಿಯೂರು ಮೇಲೆ ಹಾಯುತ್ತದೆ. ಅಲ್ಲಿಗೆ ಪಶ್ಚಿಮಕ್ಕೊಂದು ಹಳಿ, ಪೂರ್ವಕ್ಕೊಂದು ಹಳಿ, ನಡುವೆ ಬೋರನಕಣಿವೆ. ಎರಡು ಮದುವೆ ಮನೆ ನಡುವೆ ಉಪವಾಸ ಕೂತ ಹಾಗೆ!

ನಮ್ಮೂರಿಗೂ ರೈಲು ಬಿಡಿ ಎಂದು ಅರ್ಜಿ ಹಾಕುವುದು ತಪ್ಪಲ್ಲ. ಆದರೆ ಹಳಿ ಹಾಕಲು ಜಮೀನು, ದುಡ್ಡು, ವರುಷಗಟ್ಟಲೆ ಕಾಲ ಬೇಕು. ಬಸ್ಸಿಗೆ ಅಷ್ಟೆಲ್ಲ ಬೇಡ, ವೇಳಾಪಟ್ಟಿ ಒಂದು ಸಾಕು. ಬೆಳಗಿನ ರೈಲಿನ ಹೊತ್ತಿಗೆ ತಿಪಟೂರು ಸ್ಟೇಷನ್ನಿಗೇ ಮುಟ್ಟುವ ಹುಳಿಯಾರು ಬಸ್ಸು, ಸಂಜೆ ರೈಲು ಇಳಿದವರನ್ನು ಕಾದು ಹೊರಡುವ ಬಸ್ಸು ಇದ್ದರೆ ಅರ್ಧ ಕೆಲಸ ಆದಂತೆ. ಶಿರಾ ಸ್ಟೇಷನ್ನಿಗೆ ಬೋರನಕಣಿವೆ ಕಡೆಯಿಂದ ಯಾವ ರಸ್ತೆ, ಎಷ್ಟು ಬಸ್ಸು ಎಂಬುದನ್ನೂ ಈಗಲೇ ಗೊತ್ತು ಮಾಡಬೇಕು. ರೈಲು ಕೂಗಿದ ಮೇಲೆ ರಸ್ತೆ ಹುಡುಕಿದರೆ ಪ್ರಯೋಜನವಿಲ್ಲ.

ಬರಗಾಲದ ಕೈಬಿಗಿ ದಿನಗಳಲ್ಲೇ ಹಿಂದಿನವರು ಹಳಿಯನ್ನೂ ಹಾಕಿದರು, ಕಟ್ಟೆಯನ್ನೂ ಕಟ್ಟಿದರು. ಈಗಿನವರಿಗೆ ಬಸ್ಸಿನ ಟೈಮು, ರೈಲಿನ ಟೈಮು ಕೂಡಿಸುವುದೂ ಭಾರವೇ? ಸಂಬಂಧಪಟ್ಟವರು ಉತ್ತರ ಕೊಡಲಿ.