ಹೊಲದ ಕಲ್ಲು, ಬಾನಿನ ಕಲ್ಲು

ಹುಕ್ಕೇರಿಯ ಸುತ್ತಣ ಹೊಲಗಳಲ್ಲಿ ನೇಗಿಲಿಗೆ ಅಡ್ಡಬರುವ ಕರಿಯ ಕಲ್ಲನ್ನು ರೈತನು ಬದುವಿಗೆ ಎಸೆಯುತ್ತಾನೆ. ಅದನ್ನು ಯಾರೂ ಎತ್ತಿ ನೋಡುವುದಿಲ್ಲ. ಅಂಥದೇ ಕರಿಯ ಕಲ್ಲೊಂದು ಆಕಾಶದಿಂದ ಬಿದ್ದಿತೆಂದರೆ ಊರಿಗೆ ಊರೇ ನೆರೆಯುತ್ತದೆ. ಕುಂಕುಮ ಹಚ್ಚುವವರು ಕೆಲವರು, ಚೂರು ಮುರಿದು ಮನೆಗೆ ಒಯ್ಯುವವರು ಕೆಲವರು. ಬಾನಿನಿಂದ ಬಂದದ್ದು ಬೇರೆಯೇ ದ್ರವ್ಯವೆಂಬ ನಂಬಿಕೆ ಇದಕ್ಕೆ ಕಾರಣ. ಆ ನಂಬಿಕೆ ಸರಿಯಲ್ಲ.

ಉಲ್ಕಾಶಿಲೆಗಳಲ್ಲಿ ಹೇರಳವಾಗಿ ದೊರೆಯುವ ಖನಿಜಗಳಲ್ಲಿ ಆಲಿವೀನ್ ಒಂದು. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕಗಳು ಕೂಡಿ ಆದ, ಹಸಿರು ಛಾಯೆಯ ಸಿಲಿಕೇಟ್ ಅದು. ಹುಕ್ಕೇರಿ ಸೀಮೆಯ ಕರಿಕಲ್ಲೆಂದರೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾರಸ ಆರಿ ಗಟ್ಟಿಯಾದ ಬಸಾಲ್ಟ್. ಇಂಥ ಬಸಾಲ್ಟಿನಲ್ಲಿಯೂ ಆಲಿವೀನ್ ಅಷ್ಟಿಷ್ಟು ಇರುತ್ತದೆ. ಉಲ್ಕಾಶಿಲೆಯಲ್ಲಿ ಅದರ ಒಡನಾಡಿಯಾದ ಪೈರಾಕ್ಸೀನ್ ಇಲ್ಲಿ ಧಾರಾಳವಾಗಿಯೇ ಇರುತ್ತದೆ. (ನೆರೆಯ ಗೋಕಾಕದ ಜಲಪಾತದ ಮರಳುಗಲ್ಲಿನಲ್ಲಿ ಆಲಿವೀನನ್ನು ಹುಡುಕಿ ಫಲವಿಲ್ಲ, ಅದರ ಹುಟ್ಟೇ ಬೇರೆ.) 2010ರಲ್ಲಿ ಜಪಾನಿನ ಹಯಾಬುಸಾ ನೌಕೆಯು ಇಟೊಕಾವಾ ಎಂಬ ಕ್ಷುದ್ರಗ್ರಹದಿಂದ ತಂದ ಧೂಳಿನಲ್ಲಿ ಕಂಡುಬಂದದ್ದೂ ಮುಖ್ಯವಾಗಿ ಇಂಥ ಸಿಲಿಕೇಟ್ ಖನಿಜಗಳೇ.

ಹಾಗಾದರೆ ಭೇದವೆಲ್ಲಿದೆ? ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಕಾಂಡ್ರೈಟ್ ಎಂಬ ಜಾತಿಯವು. ಅವನ್ನು ಸೀಳಿದರೆ ಸಾಸಿವೆಯಷ್ಟು, ಅದಕ್ಕೂ ಕಿರಿದಾದ ಉರುಟು ಕಾಳುಗಳೂ ನಡುನಡುವೆ ನಿಕ್ಕಲ್ ಬೆರೆತ ಕಬ್ಬಿಣದ ಹೊಳಪುಚುಕ್ಕೆಗಳೂ ಕಾಣುತ್ತವೆ. ಆ ಕಾಳುಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಭೂಮಿಯಲ್ಲೇ ಹುಟ್ಟಿದ ಅಷ್ಟು ಹಳೆಯ ಶಿಲೆ ಎಲ್ಲಿಯೂ ಉಳಿದಿಲ್ಲ. ಅಯಸ್ಕಾಂತವು ಅಂಟಿಕೊಂಡಿತೆಂದು ಹಿಗ್ಗುವವರುಂಟು. ಆದರೆ ಮ್ಯಾಗ್ನೆಟೈಟ್ ಇರುವ ಬಸಾಲ್ಟೂ ಅಯಸ್ಕಾಂತಕ್ಕೆ ಸ್ವಲ್ಪ ಓಗೊಡುತ್ತದೆ. ಬದುವಿನ ಕಲ್ಲನ್ನು ಒಡೆದು ಅದರ ಒಳಮೈಯನ್ನು ಕಂಡಿರುವ ಹುಡುಗನು ಮೋಸಹೋಗಲಾರನು. ಕಾಣದವನಿಗೆ ಎರಡೂ ಕರಿಕಲ್ಲೇ.

1848ರ ಫೆಬ್ರವರಿ 15ರಂದು, ವರದಾ ತುಂಗಭದ್ರೆಗಳ ಸಂಗಮಕ್ಕೆ ಸಮೀಪದ ನೆಗಳೂರಿನಲ್ಲಿ ಉಲ್ಕಾಶಿಲೆಯೊಂದು ಬಿದ್ದಿತು. ಆ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಂದು ಧಾರವಾಡಕ್ಕೆ ಸೇರಿದ್ದುದರಿಂದ ವಿಜ್ಞಾನಿಗಳ ಪಟ್ಟಿಯಲ್ಲಿ ಕಲ್ಲಿಗೆ ಇಂದಿಗೂ ಧಾರವಾಡದ ಹೆಸರೇ ಇದೆ. ತಿಳಿದವರ ಕೈಸೇರಿದ್ದರಿಂದ ಅದು ಉಳಿಯಿತು. ಹೊಲದಲ್ಲೇ ಬಿದ್ದಿದ್ದರೆ ಮಳೆನೀರು ಸೋಕಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿತ್ತು, ಆಲಿವೀನ್ ಬರಬರುತ್ತ ಜೇಡಿಯಾಗುತ್ತಿತ್ತು. ದಖ್ಖನ್ನಿನ ಬಸಾಲ್ಟು ಎರೆಮಣ್ಣಾದದ್ದೂ ಹೀಗೆ ಕರಗಿಯೇ.

ಆದುದರಿಂದ ಬಿದ್ದ ಕಲ್ಲಿಗೆ ಎಣ್ಣೆ ಕುಂಕುಮಗಳ ಉಪಚಾರ ಬೇಡ, ತೊಳೆಯುವುದೂ ಬೇಡ, ಒಡೆದು ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಬಿದ್ದ ಸ್ಥಳವನ್ನೂ ಹೊತ್ತನ್ನೂ ಬರೆದಿಟ್ಟು, ಒಣಬಟ್ಟೆಯಲ್ಲಿ ಸುತ್ತಿ, ಇಡಿಯಾಗಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಒಪ್ಪಿಸುವುದು ಯೋಗ್ಯ.