ಕೂಲಿಕಾರನ ಕಾಲಿನ ಬೆಲೆ ಹೇಳೋರು ಯಾರು?



ಮೊನ್ನೆ ಬ್ಯಾಡಗಿಯಲ್ಲಿ ಕಾನೂನು ಓದುವ ತಮ್ಮ ಒಬ್ಬ ಕೇಳಿದ: "ಅಣ್ಣಾ, ಅಮೆರಿಕದಾಗ ಗಾಯ ಆದವರು ಜೂರಿ ಬೇಕು ಅಂತ ಕೇಳಬಹುದಂತ. ಸಾಮಾನ್ಯ ಜನಾನೇ ಕುಂತು ಪರಿಹಾರ ಎಷ್ಟು ಅಂತ ಹೇಳ್ತಾರಂತ. ನಮಗೂ ಹಂಗ ಇದ್ರ ಚಲೋ ಅಲ್ಲೇನ್ರಿ?"

ಅವನ ಸಿಟ್ಟು ಸುಳ್ಳಲ್ಲ. ಹೆದ್ದಾರಿ 48 ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. 2024ರ ಜೂನ್ 28ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ 13 ಜನ ಸತ್ತದ್ದು ಯಾರೂ ಮರೆತಿಲ್ಲ. ಗಾಯಗೊಂಡವರು ಮೆಣಸಿನಕಾಯಿ ತೊಟ್ಟು ಬಿಡಿಸೋ ಅಕ್ಕ, ರಾಣೇಬೆನ್ನೂರು ಕಡೆ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡೋ ತಂಗಿ ಆದರೆ, ಆದಾಯದ ದಾಖಲೆ ಎಲ್ಲಿಂದ ತರಬೇಕು? ಗೂಡ್ಸ್ ಗಾಡಿಯಲ್ಲಿ ಕುಂತಿದ್ದರು ಅಂದ ಕೂಡಲೇ ವಿಮಾ ಕಂಪನಿ ಕೈ ಎತ್ತುತ್ತದೆ.

ಆದರೂ ನನಗೆ ಜೂರಿ ಬೇಡ. ಆ ಹನ್ನೆರಡು ಜನ ಯಾರು ಹೇಳ್ರಿ? ನಮಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟವರೇ ಅಲ್ಲವಾ? ಟ್ರ್ಯಾಕ್ಟರ್ ಮಾಲೀಕರ ಬೀಗರು ಒಂದು ಕಡೆ, ನಮ್ಮ ಕೇರಿಯ ಹುಡುಗನ ಮುರಿದ ಕಾಲು ಇನ್ನೊಂದು ಕಡೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದ ಕೇಸಿನಲ್ಲಿ ಜೂರಿಯಾಗಿ ಕುಂತವರು 12 ಬಿಳಿ ಗಂಡಸರು. ಒಂದು ತಾಸಿನ ಮೇಲೆ ಸ್ವಲ್ಪ ಹೊತ್ತಿನಲ್ಲಿ ಆರೋಪಿಗಳನ್ನು ಬಿಟ್ಟರು. ಅದು ಕೊಲೆ ಕೇಸು, ಖರೆ. ಆದರೆ ಜನ ಅವರೇ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಯಾಕೆ ಹೊಗಳಲಿಲ್ಲ ಅಂತ ಒಮ್ಮೆ ಓದಿ ನೋಡ್ರಿ.

ಹಂಗಂತ ಜಡ್ಜ್ ದೇವರಾ? ಕಂಬಾಲಪಲ್ಲಿಯಲ್ಲಿ 2000ದಲ್ಲಿ ನಮ್ಮ ಏಳು ಜನರನ್ನು ಸುಟ್ಟವರು ಯಾರು ಅಂತ ಕೋರ್ಟಿಗೆ ಸಿಗಲೇ ಇಲ್ಲ. 2006ರಲ್ಲಿ ಎಲ್ಲರೂ ಖುಲಾಸೆ.

ವ್ಯತ್ಯಾಸ ಒಂದೇ. ಜಡ್ಜ್ ಕಾರಣ ಬರೆಯಬೇಕು, ಬರೆದದ್ದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಕರ್ನಾಟಕದ 35 ವರ್ಷದ ಕೂಲಿಕಾರನೊಬ್ಬ ತಿಂಗಳಿಗೆ 4,500 ದುಡಿಯುತ್ತೇನೆ ಅಂದಿದ್ದ, ಟ್ರಿಬ್ಯುನಲ್ ದಾಖಲೆ ಇಲ್ಲ ಅಂತ 3,000ಕ್ಕೆ ಇಳಿಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಲಿಯವನಿಂದ ದಾಖಲೆ ಕೇಳೋದು ಸರಿಯಲ್ಲ ಅಂತ 4,500ನ್ನೇ ಒಪ್ಪಿತು. ಆ 1,500 ಸಣ್ಣದಲ್ಲ. ಆ ವಯಸ್ಸಿಗೆ ಗುಣಕ 16. ದುಡಿಯೋ ಶಕ್ತಿ ಅರ್ಧ ಹೋಗಿದೆ ಅಂತ ಇಟ್ಟುಕೊಂಡರೂ 1,44,000 ರೂಪಾಯಿ ಫರಕು ಬೀಳುತ್ತದೆ.

ನಮ್ಮಲ್ಲಿ ನಿಜವಾದ ಆಯ್ಕೆ ಇರೋದು ಟ್ರಿಬ್ಯುನಲ್ಲಾ, ಲೋಕ ಅದಾಲತ್ತಾ ಅನ್ನೋದರಲ್ಲಿ. ಅದಾಲತ್ ದಿನ ಗದ್ದಲದಲ್ಲಿ ಒಂದು ಅಂಕಿ ಹೇಳ್ತಾರೆ, "ಇವತ್ತೇ ಮುಗಿಸು, ಇಲ್ಲಾಂದ್ರ ವರ್ಷಗಟ್ಟಲೆ" ಅಂತಾರೆ. ಆ ಅಂಕಿ ಹೆಂಗ ಬಂತು ಅಂತ ಯಾರೂ ಬರೆಯಲ್ಲ. ಸಹಿ ಬಿದ್ದ ಮೇಲೆ ಮೇಲ್ಮನವಿ ಇಲ್ಲ. ಸಾಲ ಇದ್ದವರು ಬೇಗ ದುಡ್ಡು ಬೇಕು ಅಂದರೆ ನಾನು ಬೈಯಲ್ಲ, ಆಸ್ಪತ್ರೆ ಬಿಲ್ ಯಾರನ್ನೂ ಕಾಯಲ್ಲ. ಆದರೆ ಒಪ್ಪದಿದ್ದರೆ ಕೇಸು ಸಾಯೋದಿಲ್ಲ, ವಾಪಸ್ ಕೋರ್ಟಿಗೇ ಹೋಗುತ್ತದೆ. ಇದನ್ನು ನಮ್ಮವರಿಗೆ ಯಾರೂ ಹೇಳಲ್ಲ.

ಎಸ್‌ಸಿ, ಎಸ್‌ಟಿ, ಹೆಣ್ಣುಮಕ್ಕಳಿಗೆ 1987ರ ಕಾಯ್ದೆಯಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಕೇಸು ನಡೀತಿರೋರು ಸಹಿ ಮಾಡೋಕಿಂತ ಮೊದಲು ಅಲ್ಲಿಗೆ ಹೋಗ್ರಿ. ಆದಾಯ ಎಷ್ಟು ಹಿಡಿದಿದ್ದಾರೆ, ಗುಣಕ ಎಷ್ಟು, ಅಂಗವಿಕಲತೆ ಶೇಕಡಾ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ರಿ. ಆ ಹಾಳೆ ನನಗೂ ಕಳಿಸ್ರಿ, ಕುಂತು ಲೆಕ್ಕ ಹಾಕೋಣ.